ಹೆಬ್ಬೆರಳಿಗೆ ತಿಳಿದ ವಯಸ್ಸು

ಅಪ್ಪ,

ನೀವಿಲ್ಲ, ಇದನ್ನು ಓದುವುದೂ ಇಲ್ಲ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ನೀವು ಗುಬ್ಬಿ ಎಂದು ಕರೆಯುತ್ತಿದ್ದ ನಿಮ್ಮ ಶಿಷ್ಯೆಯ ಎದುರು ಇವತ್ತು, ನೀವು ಮೂಳೆ ಪರೀಕ್ಷಿಸುತ್ತಿದ್ದ ಅದೇ ಲ್ಯಾಬಿನಲ್ಲಿ ಸೋತೆ.

ಪಾಯ ಅಗೆಯುವಾಗ ಸಿಕ್ಕ ಹೆಂಗಸೊಬ್ಬಳ ಅಸ್ಥಿಪಂಜರ ಬಂದಿತ್ತು. ಅರವತ್ತೊಂದನೇ ವಯಸ್ಸಿನಲ್ಲಿ ಕಾಣೆಯಾದ ತಾಯಿಯನ್ನು ಹುಡುಕುತ್ತಿದ್ದ ಮಗ ಹೊರಗೆ ಬೆಂಚಿನ ಮೇಲೆ ಕೂತಿದ್ದ. ಸೊಂಟದ ಮೂಳೆಗಳು ಮುಂದೆ ಕೂಡುವ ಜಾಗವನ್ನು ವಯಸ್ಸು ಗುರುತಿಸುವ ಚಾರ್ಟಿನ ಚಿತ್ರಗಳಿಗೆ ಹೋಲಿಸಿ, ಸತ್ತಾಗ ನಲವತ್ತರ ಆಸುಪಾಸು ಎಂದೆ. ಅಂದರೆ ಅವನ ತಾಯಿಯಲ್ಲ.

ಗುಬ್ಬಿ ಕಣ್ಣು ಮುಚ್ಚಿ ಅದೇ ಜಾಗದ ಮೇಲೆ ಹೆಬ್ಬೆರಳು ಆಡಿಸಿದಳು, ಥೇಟ್ ನಿಮ್ಮ ಹಾಗೆ.

"ಅಕ್ಕಾ, ಈ ಚಾರ್ಟು ಬೇರೆ ದೇಶದ ಜನರ ಮೂಳೆ ನೋಡಿ ಮಾಡಿದ್ದು. ನಮ್ಮ ಹೆಂಗಸರಿಗೆ ಹಾಕಿದ್ರೆ ಇಪ್ಪತ್ತು ವರ್ಷ ನುಂಗಿಬಿಡುತ್ತೆ ಅಂತ ನಮ್ಮ ಸರ್ ಹೇಳ್ತಿದ್ರು. ಇವರು ಅರವತ್ತು ದಾಟಿದಾರೆ."

ಆ ತಾಯಿಯ ಹಳೆಯ ಎಕ್ಸ್‌ರೇ ಜೊತೆ ಹಲ್ಲು ತಾಳೆಯಾಯಿತು. ಅವನ ತಾಯಿಯೇ.

ತಪ್ಪು ಹೇಳಿದೆನೆಂಬ ನಾಚಿಕೆಗಿಂತ ಅವಳ ಆ ಹೆಬ್ಬೆರಳು ಕಂಡೇ ನನಗೆ ಹೊಟ್ಟೆ ಉರಿಯಿತು. ನನ್ನನ್ನು ಇಂಗ್ಲಿಷ್ ಶಾಲೆಗೆ ಹಾಕಿದಿರಿ, ಕೇಳಿದ ಪುಸ್ತಕವನ್ನೆಲ್ಲ ತರಿಸಿದಿರಿ. ಕೈ ಹಿಡಿದು ಕಲಿಸಿದ್ದು ಮಾತ್ರ ಅವಳಿಗೆ. ನಾನು ಕೇಳಲೆಂದು ನೀವು ಕಾದಿರೋ ಏನೋ, ಗೊತ್ತಿಲ್ಲ.

ಒಳಗೆ ಬಂದ ಆ ಮಗ ಕಣ್ಣೊರೆಸಿಕೊಂಡು ಗುಬ್ಬಿಯನ್ನು ಕೇಳಿದ: "ಇದನ್ನೆಲ್ಲ ಯಾರು ಕಲಿಸಿದ್ರಮ್ಮಾ ನಿಮಗೆ?"

"ಇವರ ತಂದೆ," ಎಂದು ಅವಳು ನನ್ನತ್ತ ತೋರಿಸಿದಳು.

"ಹಾಗಾದ್ರೆ ನಿಮಗೂ ಕಲಿಸಿರ್ತಾರಲ್ಲ?"

"ಹೂಂ, ಮೊದಲು ನನಗೇ," ಎಂದೆ.

ಗುಬ್ಬಿ ಹೌದೆಂಬಂತೆ ತಲೆಯಾಡಿಸಿ, ಮೂಳೆಗಳ ಟ್ರೇ ಮುಚ್ಚಿದಳು.