ಟೊಮ್ಯಾಟೊ ಅರೆಯುವ ದಿನ

ಆಗಸ್ಟ್ ೮, ಮಧ್ಯಾಹ್ನ

ಹದಿನಾಲ್ಕು ಟವೆಲ್ ಒಗೆದು ಹರವಿದೆ. ಸಮುದ್ರದಿಂದ ಬಂದವರು ಮರಳು ಸಮೇತ ಸೋಫಾ ಮೇಲೆ ಬೀಳುತ್ತಾರೆ. ರಜೆಯಂತೆ ರಜೆ! ಯಾರಿಗೆ? ಇರಲಿ... ಗಾಳಿ ಚೆನ್ನಾಗಿದೆ. ಇವರು ಜಗಲಿಯಲ್ಲಿ ಬಾಯಿ ತೆರೆದು ಗೊರಕೆ.

ಮಗ ವೀತೊ, ಸೊಸೆ ಫ್ಲಾವಿಯಾ ಬಾರಿ ಪಟ್ಟಣದಿಂದ ಬಂದರು. ಮದುವೆಯಾಗಿ ಆರು ವರ್ಷ. ಮಗುವಿಗಾಗಿ ಆಸ್ಪತ್ರೆಗೆ ಅಲೆದು ಹುಡುಗಿ ಸೊರಗಿದ್ದಾಳೆ. ವೀತೊ ಅಡುಗೆಮನೆಯಲ್ಲಿ ಪಿಸುಗುಟ್ಟಿದ: "ಈ ಚಿಕಿತ್ಸೆ ಇದೇ ಕೊನೇ ಸಲ ಅಮ್ಮಾ. ಹನ್ನೆರಡನೇ ತಾರೀಕು ಬಸಿರಿನ ಪರೀಕ್ಷೆ. ತೆಕ್ಲಾ ಅತ್ತೆ ಕಿವಿಗೆ ಬೀಳೋದು ಬೇಡ."

ಹೂಂ ಅಂದೆ. ದೇವರೇ, ಈ ಸಲವಾದರೂ.

ಆಗಸ್ಟ್ ೧೦

ಎಂಟು ಬುಟ್ಟಿ ಟೊಮ್ಯಾಟೊ ಬಂತು. ನಾಳೆ ಅರೆದು, ಬಾಟಲಿಗೆ ತುಂಬಿ, ಡ್ರಮ್ಮಿನಲ್ಲಿ ಕುದಿಸಬೇಕು. ವರ್ಷದ ಅಡುಗೆಗೆಲ್ಲ ಅದೇ. ಯಜಮಾನಿಕೆ ತೆಕ್ಲಾಳದ್ದು — ಇವರ ಅಕ್ಕ, ಎಪ್ಪತ್ತೊಂದು, ಗಂಡ ಹೋಗಿ ಬಹಳ ವರ್ಷ, ಮಕ್ಕಳಿಲ್ಲ. ಮುಟ್ಟಾದವರು ಟೊಮ್ಯಾಟೊ ಹತ್ತಿರ ಸುಳಿಯಬಾರದು, ಸುಳಿದರೆ ಬಾಟಲಿ ಒಡೆಯುತ್ತದೆ ಅನ್ನುತ್ತಾಳೆ. ಮೂವತ್ತು ವರ್ಷ ಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟ ನಾನೂ ಬಾಯಿ ಮುಚ್ಚಿಕೊಂಡು ದೂರ ಕೂತವಳೇ. ಹೇಡಿ.

ಹೋದ ವರ್ಷ ಫ್ಲಾವಿಯಾ ಒಬ್ಬಳೇ ಅಂಜೂರದ ಮರದಡಿ ಕೂತಿದ್ದಳು. "ಈ ವರ್ಷವೂ ಇಲ್ಲ" ಅಂತ ತೆಕ್ಲಾ ಎಲ್ಲರಿಗೂ ಕೇಳುವಂತೆ ನಿಟ್ಟುಸಿರು ಬಿಟ್ಟಿದ್ದಳು.

ಆಗಸ್ಟ್ ೧೧, ಸಂಜೆ

ಬೆನ್ನು ಮುರಿದಿದೆ. ಆದರೂ ಬರೆಯಬೇಕು.

ಬೆಳಿಗ್ಗೆ ಐದಕ್ಕೆ ಫ್ಲಾವಿಯಾ ಏಪ್ರನ್ ಕಟ್ಟಿಕೊಂಡು ಬಂದು ಅರೆಯುವ ಯಂತ್ರದ ಮುಂದೆ ಕೂತಳು.

"ಏನೇ, ಕೂರಬಹುದಾ ನೀನು?" ತೆಕ್ಲಾ ಕೇಳಿದಳು.

"ಕೂರಬಹುದು ಅತ್ತೆ."

ತೆಕ್ಲಾ ಬೆರಳು ಎಣಿಸಿದಳು. ಹೋದ ತಿಂಗಳು ವೀತೊನ ಹುಟ್ಟುಹಬ್ಬಕ್ಕೆ ಫ್ಲಾವಿಯಾ ಮುಟ್ಟಿನ ಹೊಟ್ಟೆನೋವು ಅಂತ ಮಲಗಿದ್ದು ನೆನಪಾಯಿತು. ದಿನ ಮೀರಿದೆ, ಬಸುರಿಯೇ ಅಂತ ತೀರ್ಮಾನಿಸಿಬಿಟ್ಟಳು. ಮುಗಿಯಿತು! "ಅಯ್ಯೋ ನನ್ನ ಬಂಗಾರಾ! ಬುಟ್ಟಿ ಎತ್ತಬೇಡ. ಲೋ ವೀತೊ, ಕುರ್ಚಿ ನೆರಳಿಗೆ ಹಾಕೋ, ಕತ್ತೆ!" ಮಧ್ಯಾಹ್ನದ ಪಾಸ್ತಾ ಮೊದಲು ಅವಳ ತಟ್ಟೆಗೇ. ವೀತೊನ ಮುಖ ನೋಡಬೇಕಿತ್ತು... ಅವನೂ ನಂಬಿಬಿಟ್ಟಿದ್ದ.

ನಾಲ್ಕಕ್ಕೆ ಫ್ಲಾವಿಯಾ ಬಚ್ಚಲಲ್ಲಿ ಸಿಕ್ಕಳು. ಟಬ್ಬಿನ ಅಂಚಿನ ಮೇಲೆ ಕೂತು ಅಳುತ್ತಿದ್ದಳು.

"ಎದ್ದ ತಕ್ಷಣವೇ ಮುಟ್ಟಾಯ್ತು ಅಮ್ಮಾ. ಮತ್ತೆ ಆ ಮರದ ಕೆಳಗೆ ಕೂರೋಕೆ ನನ್ನಿಂದ ಆಗ್ತಿರಲಿಲ್ಲ. ಇದೊಂದು ದಿನ ಎಲ್ಲರ ಜೊತೆ ಇರೋಣ ಅಂತ... ಅವರು ಹೀಗೆಲ್ಲ ಲೆಕ್ಕ ಹಾಕ್ತಾರೆ ಅಂತ ಹೊಳೀಲೇ ಇಲ್ಲ."

ಟೊಮ್ಯಾಟೊ ಮೆತ್ತಿದ ಕೈಯಲ್ಲೇ ತಬ್ಬಿಕೊಂಡೆ.

ಆಗಸ್ಟ್ ೧೨

ಬೆಳಿಗ್ಗೆ ಇಬ್ಬರೂ ದಂಡೆಯುದ್ದಕ್ಕೂ ನಡೆದು ಹೋದರು. ಬಂದಾಗ ವೀತೊನ ಕಣ್ಣು ಕೆಂಪು. ಹೇಳಿದ್ದಾಳೆ.

ಡ್ರಮ್ ತಣ್ಣಗಾಗಿತ್ತು. ಬಾಟಲಿ ಎತ್ತಿದೆವು. ಐದು ಒಡೆದಿವೆ.

ತೆಕ್ಲಾ ಚೂರು ನೋಡಿದಳು. ವೀತೊನ ಕಣ್ಣು ನೋಡಿದಳು. ಆಮೇಲೆ ಫ್ಲಾವಿಯಾಳನ್ನು.

"ನನ್ನ ತಪ್ಪು ಅತ್ತಿಗೆ," ಅಂದೆ. "ಒಂದಕ್ಕೊಂದು ತಾಗದ ಹಾಗೆ ಬಾಟಲಿ ಮಧ್ಯೆ ಬಟ್ಟೆ ತುರುಕೋದು ಮರೆತೆ." ಹಸಿ ಸುಳ್ಳು. ಆಕೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬೈದಿದ್ದರೆ ವಾಸಿಯಿತ್ತು.

ಆಗಸ್ಟ್ ೧೪, ಬೆಳಿಗ್ಗೆ

ಎರಡು ದಿನ ತೆಕ್ಲಾ ಊಟವನ್ನೂ ಕೋಣೆಗೇ ತರಿಸಿಕೊಂಡಳು. ಇವತ್ತು ಕಾಫಿಗೆ ಬಂದವಳು ಸೀದಾ ಫ್ಲಾವಿಯಾಳ ಎದುರು ಕೂತಳು. ಫ್ಲಾವಿಯಾ ಎದ್ದು ಹೊರಟಳು. ತೆಕ್ಲಾ ಕೈ ಹಿಡಿದು ಕೂರಿಸಿದಳು.

"ಮದುವೆಯಾದ ಮೂರನೇ ವರ್ಷ ನಾನೂ ಮುಟ್ಟಾಗಿದ್ದೂ ಹಾಗೇ ಬಂದು ಕೂತಿದ್ದೆ ಕಣೇ. ನನ್ನ ಅತ್ತೆ ಕೇಳಿದಾಗ ಸುಳ್ಳು ಹೇಳಿದೆ. ಇಡೀ ದಿನ ನನ್ನನ್ನ ರಾಣಿ ಥರ ನೋಡ್ಕೊಂಡ್ರು."

"ಎಷ್ಟು ಒಡೀತು ಅತ್ತೆ?"

"ಒಂದೂ ಒಡೀಲಿಲ್ಲ ಮಗಳೇ. ಗೊತ್ತಿದ್ದೂ ಇಷ್ಟು ವರ್ಷ ನಿಮ್ಮನ್ನೆಲ್ಲ ದೂರ ಕೂರಿಸಿದೆ."

ನನಗೆ ಸಿಟ್ಟು ಬರಬೇಕಿತ್ತು. ನನ್ನನ್ನೂ ಕೂರಿಸಿದ್ದಳಲ್ಲ! ಬರಲಿಲ್ಲ. ಫ್ಲಾವಿಯಾ ಆಕೆಯ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ.

ಈಗ ತೆಕ್ಲಾ ಅಂಗಳದಿಂದ ಕೂಗುತ್ತಿದ್ದಾಳೆ. ಇನ್ನೂ ಎರಡು ಬುಟ್ಟಿ ತರಿಸಿದ್ದಾಳಂತೆ. ಫ್ಲಾವಿಯಾ ಆಗಲೇ ಏಪ್ರನ್ ಕಟ್ಟಿಕೊಂಡು—