ಹತ್ತಿಯ ಮೆತ್ತೆ

ಸೈಕಲ್ ರಿಪೇರಿ ಅಂಗಡಿಯ ಅಣ್ಣನವರಿಗೆ,

ನಮ್ಮ ಯಜಮಾನರ ಸೈಕಲ್ ಸೀಟಿಗೆ ನಾನು ಹೊಲಿದುಕೊಟ್ಟ ಹತ್ತಿಯ ಮೆತ್ತೆ ನಿಮ್ಮಲ್ಲೇ ಉಳಿದಿದೆಯೆಂದು ಹೇಳಿಕಳಿಸಿದ್ದೀರಿ. ಹನ್ನೊಂದು ವರ್ಷವೂ ಅವರು ದೂರದ ಸವಾರಿಗೆ ಹೊರಟಾಗಲೆಲ್ಲ ಅದನ್ನು ನಿಮ್ಮ ಹತ್ತಿರ ಬಿಚ್ಚಿಟ್ಟು, ಬರುವಾಗ ಮತ್ತೆ ಕಟ್ಟಿಕೊಂಡು ಬರುತ್ತಿದ್ದರಂತೆ. ಮೆತ್ತಗಿದ್ದಷ್ಟೂ ದೂರದ ದಾರಿಯಲ್ಲಿ ತೊಡೆ ಜೋಮು ಹಿಡಿಯುತ್ತದಂತೆ. ನಾನು ಕೇಳಿದರೆ, "ಹೂವಿನ ಮೇಲೆ ಕೂತ ಹಾಗಿತ್ತು ಕಣೆ" ಅನ್ನುತ್ತಿದ್ದರು. ಅದಕ್ಕೇ ವರ್ಷವರ್ಷವೂ ಇನ್ನೊಂದು ಹಿಡಿ ಹತ್ತಿ ತುಂಬುತ್ತಿದ್ದೆ.

ಅವರು ದಾರಿಯಲ್ಲೇ ತೀರಿಹೋದ ದಿನ ಸೈಕಲ್ ಬರೀ ಸೀಟಿನೊಂದಿಗೆ ಮನೆಗೆ ಬಂತು. ಮೆತ್ತೆ ಎಲ್ಲೋ ಬಿದ್ದಿರಬೇಕೆಂದು ಎರಡು ದಿನ ಆ ರಸ್ತೆಯುದ್ದಕ್ಕೂ ಹುಡುಕಿದೆ.

ಅದನ್ನು ಕಳಿಸಬೇಡಿ. ನಿಮ್ಮ ಸ್ಟೂಲಿನ ಮೇಲೆ ಹಾಕಿಕೊಳ್ಳಿ. ನಿಮ್ಮ ಹತ್ತಿರ ಇನ್ನೇನೇನು ಬಿಚ್ಚಿಟ್ಟಿದ್ದರೋ, ಅದನ್ನು ನನಗೆ ಮಾತ್ರ ಹೇಳಬೇಡಿ.

ಇಂತಿ,
ಮೆತ್ತೆ ಹೊಲಿದವಳು