ಅಮಾವಾಸ್ಯೆ ದಾಟುವ ತನಕ

ರವಿವಾರ, ನವೆಂಬರ್ ೯

ಚಿ. ಸೌ. ಇಂದ್ರಾಗೆ ದರಿಬಡಚಿಯಿಂದ ನಿನ್ನ ಮಾಮಾ ಅಮೋಘಸಿದ್ದಪ್ಪನ ಆಶೀರ್ವಾದ. ಅಳಿಯಂದಿರು ಮಲ್ಲಿನಾಥರ ಬೆನ್ನುನೋವು ಹೇಗಿದೆ? ಸೋನಾಲಿಯ ಕೆಮ್ಮು ನಿಂತಿತೇ? ಸಣ್ಣವಳು ದೀಪಾಲಿಗೆ ಹಲ್ಲು ಬಂದವೇ? ನಿಮ್ಮ ಅತ್ತೆ ಸಾವಿತ್ರವ್ವನವರು ಸಕ್ಕರೆ ಬಿಟ್ಟರೋ, ಇನ್ನೂ ಕದ್ದು ತಿನ್ನುತ್ತಾರೋ?

ಇಲ್ಲಿ ಎಲ್ಲರೂ ಆರಾಮ. ನಿನ್ನ ಅವ್ವ ಬಾಳಾಬಾಯಿ ಇನ್ನೂ ಹೊಲದ ವಸ್ತಿಯಲ್ಲೇ ಇದ್ದಾಳೆ. ತಾನೊಬ್ಬಳು, ತನ್ನ ಆಡುಗಳು. ಊರೊಳಗೆ ನಮ್ಮ ಮನೆಗೆ ಬಾ ಅಕ್ಕಾ ಎಂದರೆ, "ನಿನ್ನ ಸೊಸಿ ಚಹಾದಾಗ ನೀರ ಭಾಳ ಸುರೀತಾಳ, ನಾ ಒಲ್ಲೆ" ಅನ್ನುತ್ತಾಳೆ. ಯೋಗಿತಾ ನಗುತ್ತಾಳೆ. ಆಶಾ ಕಾರ್ಯಕರ್ತೆಯಾದ ಮೇಲೆ ಅವಳಿಗೆ ಸಿಟ್ಟು ಕಡಿಮೆಯಾಗಿದೆ.

ನನ್ನ ಕಿವಿ ಹಾಗೇ ಇವೆ. ಬಾಯಿ ಕಿವಿಗೆ ತಂದು ಮಾತಾಡಿದರೆ ಕೇಳುತ್ತದೆ, ದೂರದ್ದು ಇಲ್ಲ, ಫೋನಂತೂ ಇಲ್ಲವೇ ಇಲ್ಲ. ಅದಕ್ಕೇ ಈ ವಹಿ. ದಿನಾ ಒಂದಿಷ್ಟು ಬರೆಯುವುದು, ರವಿವಾರ ಯೋಗಿತಾ ಫೋಟೊ ಹೊಡೆದು ನಿನ್ನ ಮೊಬೈಲಿಗೆ ಕಳಿಸುವುದು. ಈ ವಾರ ಇಷ್ಟೇ. ಜೋಳ ಮೊಣಕಾಲೆತ್ತರ ಬಂದಿದೆ.

ಬುಧವಾರ, ನವೆಂಬರ್ ೧೨, ಸಂಜೆ

ಅಕ್ಷರ ಸೊಟ್ಟ ಬಂದರೆ ಬೈಯಬೇಡ.

ದನ ಮೇಯುವ ಗಾಯರಾನದಲ್ಲಿ ವಿಮಾನ ಬಿದ್ದಿದೆ. ಬಿತ್ತು ಅನ್ನಲೋ, ಇಳಿಯಿತು ಅನ್ನಲೋ... ನನಗೆ ಸಪ್ಪಳ ಕೇಳಿಸಲಿಲ್ಲ. ಬದುವಿನ ಮೇಲೆ ಕುಳಿತಿದ್ದೆ. ನೆರಳೊಂದು ಜೋಳದ ಮೇಲೆ ಹಾದುಹೋಯಿತು. ತಲೆ ಎತ್ತಿದೆ — ಊರಿನಷ್ಟು ದೊಡ್ಡದು, ಬೆಳ್ಳಗೆ, ಕೈಗೆ ಸಿಗುವಷ್ಟು ಕೆಳಗೆ. ಆಮೇಲೆ ನೆಲ ನಡುಗಿದ್ದು ಅಂಗಾಲಿಗೆ ತಿಳಿಯಿತು. ಹೊಟ್ಟೆಯ ಮೇಲೆ ಜಾರುತ್ತಾ ಹೋಯಿತು, ಕಲ್ಲು ಮಣ್ಣು ಹಾರಿಸುತ್ತಾ. ಹಳ್ಳದ ದಂಡೆಗೆ ಬಡಿದು ಎರಡಾಯಿತು. ಹಿಂದಿನ ತುಂಡಿಗೆ ಬೆಂಕಿ.

ಓಡಿದೆ. ಊರೇ ಓಡಿ ಬಂತು. ನೀರಿನ ಟ್ಯಾಂಕರು, ಟ್ರ್ಯಾಕ್ಟರು, ಸಿಕ್ಕಿದ್ದು. ದ್ರಾಕ್ಷಿ ಒಣಗಿಸಿ ಬೇದಾಣೆ ಮಾಡುವ ಶೆಡ್ ಈಗ ಖಾಲಿ ಇತ್ತಲ್ಲ, ಅಲ್ಲಿನ ಹಸಿರು ಬಲೆಯ ಜಾಳಿ ಬಿಚ್ಚಿ ಅದರಲ್ಲೇ ಮಂದಿಯನ್ನು ಎತ್ತಿ ಎತ್ತಿ ತಂದು ಮಲಗಿಸಿದೆವು. ಎಷ್ಟೋ ಮಂದಿ ತಾವೇ ನಡೆದು ಬಂದರು, ನಿದ್ದೆಯಲ್ಲಿ ನಡೆದಂತೆ. ಒಬ್ಬಳು ಒಂದೇ ಚಪ್ಪಲಿ ಕೈಯಲ್ಲಿ ಹಿಡಿದು ನನಗೆ ಏನೋ ಹೇಳಿದಳು. ಕೇಳಿಸಲಿಲ್ಲ. ಕೇಳಿಸದ್ದೇ ಒಳ್ಳೆಯದಾಯಿತೇನೋ.

ಕೊಡ ತರಲು ವಸ್ತಿಗೆ ಹೋದಾಗ ನಿನ್ನ ಅವ್ವ ಹಿತ್ತಲ ತಿಪ್ಪೆಯ ಹತ್ತಿರ ನಿಂತಿದ್ದಳು. ತಿಪ್ಪೆಯ ಮೇಲೆ ಅವಳ ಹಳೇ ಸೀರೆಯಲ್ಲಿ ಸುತ್ತಿದ ಕೂಸು. ಮುಖಕ್ಕೆಲ್ಲ ಬೂದಿ.

"ಎತ್ತು ತಮ್ಮಾ! ಲಗೂನ ಎತ್ತು!" ನನ್ನ ಕಿವಿಗೆ ಬಾಯಿ ಹಚ್ಚಿ ಕೂಗಿದಳು.

ಎತ್ತಿ ಅವಳ ಕೈಗೆ ಕೊಟ್ಟೆ. ಕೊಡ ತುಂಬಿಕೊಂಡು ಓಡಿದೆ. ಯಾರದೋ ಕೂಲಿಯವರ ಕೂಸು, ಗದ್ದಲದಲ್ಲಿ ಅಕ್ಕನ ಹತ್ತಿರ ಬಿಟ್ಟಿದ್ದಾರೆ ಎಂದುಕೊಂಡೆ. ಅಷ್ಟೇ ಅಂದುಕೊಂಡೆ, ದೇವರಾಣೆ.

ಶುಕ್ರವಾರ, ನವೆಂಬರ್ ೧೪

ನಿನ್ನೆ ಬರೆಯಲಾಗಲಿಲ್ಲ. ಪೊಲೀಸರು, ಟಿವಿಯವರು, ಸಾಹೇಬರು. ಗಾಯರಾನಕ್ಕೆ ಹಗ್ಗ ಕಟ್ಟಿದ್ದಾರೆ. ಬದುಕಿದವರೇ ಹೆಚ್ಚು ಅನ್ನುತ್ತಾರೆ. ಹಿಂದಿನ ತುಂಡಿನಲ್ಲಿದ್ದವರದು ಕೇಳಬೇಡ.

ಮಧ್ಯಾಹ್ನ ಯೋಗಿತಾ ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದಳು. ಮಿರಜಿನ ದವಾಖಾನೆಯಲ್ಲಿರುವ ಹೆಣ್ಣುಮಗಳು, ಸುಮನ ಎಂದು ಹೆಸರು, ಹೈದರಾಬಾದಿನ ಕಡೆಯವಳು, ಕಾಲೇಜು ಕಲಿತವಳು. ಎರಡೂ ಕಾಲು ಮುರಿದಿವೆ. ವಿಮಾನದಲ್ಲಿ ತೊಡೆಯ ಮೇಲಿದ್ದ ಮಗಳೆಲ್ಲಿ ಎಂದು ಕೇಳುತ್ತಿದ್ದಾಳೆ. ಮಗು ಬೆಂಕಿಯಲ್ಲಿ ಹೋಗಿರಬೇಕು ಎಂದು ಸಾಹೇಬರು ಹೇಳಿದ್ದಾರೆ. ಕೆಳಗೆ ಮಗುವಿನ ಫೋಟೊ. ಗಲ್ಲದಲ್ಲಿ ಗುಳಿ.

ನಾನು ಆ ಗುಳಿ ನೋಡಿದ್ದೆ. ಬೂದಿಯ ಕೆಳಗೆ.

ವಸ್ತಿಗೆ ಓಡಿದೆ. ಬಾಗಿಲು ಒಳಗಿಂದ ಹಾಕಿತ್ತು. ತೆಗೆಸಿದೆ. ಕೂಸು ನಿನ್ನ ಅವ್ವನ ತೊಡೆಯ ಮೇಲೆ, ಆಡಿನ ಹಾಲು ಕುಡಿಯುತ್ತಿತ್ತು.

"ಅಕ್ಕಾ, ಇದರ ಅವ್ವ ಜೀವಂತ ಅದಾಳ."

"ಇರಲಿ ಬಿಡು. ಕೂಸೂ ಜೀವಂತ ಇರಬೇಕೋ ಬ್ಯಾಡೋ?" ನನ್ನ ಕಿವಿಗೆ ಬಾಯಿ ತಂದು ಹೇಳಿದಳು. "ಸಾವು ಇದರ ಹೆಸರ ಹಿಡಕೊಂಡು ಬಂದಿತ್ತು. ತಪ್ಪಿಸಿಕೊಂಡು ಹಳ್ಳದಾಗ ನನ್ನ ಕೈಗೆ ಸಿಕ್ಕೈತಿ. ಸಾವು ಬರಿಗೈಲೆ ಹೋಗತೈತೇನು? ಹುಡಕತೈತಿ. ಅದಕ್ಕs ತಿಪ್ಪಿ ಮ್ಯಾಲ ಇಟ್ನಿ, ನಿನ್ನ ಕಡಿಂದ ಎತ್ತಿಸಿದ್ನಿ. ಈಗ ಇದು ತಿಪ್ಪವ್ವ. ಅಮಾವಾಸಿ ದಾಟೂತನಕ ಯಾರಿಗೂ ತೋರಸಂಗಿಲ್ಲ, ಹೆಸರ ಹಿಡದು ಯಾರೂ ಕರಿಯಂಗಿಲ್ಲ."

"ಅಲ್ಲಿ ಆಕಿ ಅತ್ತ ಅತ್ತ ಸಾಯತಾಳಲ್ಲ?"

"ಅತ್ತರ ಕಣ್ಣೀರ ಹೋಗತಾವ. ಕೊಟ್ಟರ ಕೂಸ ಹೋಗತೈತಿ. ಇಂದ್ರಾನ ಮರತಿಯೇನು?"

ನಿನಗೆ ಇದನ್ನು ಎಂದೂ ಹೇಳಿಲ್ಲ, ಇಂದ್ರಾ. ನಿನಗಿಂತ ಮೊದಲು ಇಬ್ಬರು ಹುಟ್ಟಿ ಹೋಗಿದ್ದರು. ನೀನು ಹುಟ್ಟಿದ ದಿನ ನಿನ್ನ ಅವ್ವ ನಿನ್ನನ್ನು ತಿಪ್ಪೆಯ ಮೇಲಿಟ್ಟು, ಎತ್ತಲು ನನ್ನನ್ನು ಕರೆದಳು. ನಿನ್ನ ಕೈ ಚಲೋ ಕೈ ಎಂದಳು. ಎತ್ತಿದವನ ಕೂಸು, ಹೆತ್ತವಳದಲ್ಲ, ಸಾವಿಗೆ ಗುರುತು ಹತ್ತುವುದಿಲ್ಲ ಎಂದು. ನೀನು ಉಳಿದೆ. ಸಾಲಿಗೆ ಹಾಕುವಾಗ ತಿಪ್ಪವ್ವ ಎಂಬುದನ್ನು ಇಂದ್ರಾ ಎಂದು ಬದಲಿಸಿದವನೂ ನಾನೇ.

ನಂಬುತ್ತೀಯಾ ಮಾಮಾ ಎಂದು ಕೇಳಿದ್ದರೆ ಇಲ್ಲ ಎನ್ನುತ್ತಿದ್ದೆ. ಇಂದು ಬಾಗಿಲು ಹಾಕಿಕೊಂಡು ಬಂದೆ. ಯಾರಿಗೂ ಹೇಳಲಿಲ್ಲ.

ರವಿವಾರ, ನವೆಂಬರ್ ೧೬

ಯೋಗಿತಾ ವಹಿ ಕೇಳಿದಳು, ಫೋಟೊ ಹೊಡೆಯಲು. ಈ ವಾರ ಏನೂ ಬರೆದಿಲ್ಲ ಎಂದೆ.

"ವಿಮಾನ ಬಿದ್ದರೂ ಬರಿಯಂಗಿಲ್ಲೇನ್ರಿ ಮಾವಾರ? ಕೋಳಿ ತತ್ತಿ ಇಟ್ಟರ ಬರಿತೀರಿ!"

ನಗಲು ಹೋದೆ, ಆಗಲಿಲ್ಲ. ಪೊಲೀಸ ಪಾಟೀಲ ದಾದಾಸಾಹೇಬ ಬಾಗಿಲ ಮುಂದೆ ಹಾದರೂ ಒಳಗೆ ಸರಿಯುತ್ತೇನೆ. ಅಕ್ಕನ ಕೈಗೆ ಕೋಳ ಹಾಕಿದಂತೆ ಕಾಣುತ್ತದೆ. ಕಣ್ಣು ಮುಚ್ಚಿದರೆ ಆ ಹೆಣ್ಣುಮಗಳು ಕಾಣುತ್ತಾಳೆ. ಎರಡರಲ್ಲಿ ಯಾವುದನ್ನು ನೋಡಲಿ?

ಕೂಸಿಗೆ ಮೈ ಬಿಸಿ ಎಂದು ಅಕ್ಕ ಹೇಳಿದಳು. ದೃಷ್ಟಿ ತೆಗೆದಿದ್ದಾಳಂತೆ.

ಸೋಮವಾರ, ನವೆಂಬರ್ ೧೭

ಹೇಳಿಬಿಟ್ಟೆ.

ಬೆಳಿಗ್ಗೆ ವಸ್ತಿಗೆ ಹೋದಾಗ ಕೂಸು ಕಣ್ಣು ತೆರೆಯಲಿಲ್ಲ. ನನಗೆ ಉಸಿರಿನ ಸಪ್ಪಳ ಕೇಳುವುದಿಲ್ಲ, ಎದೆಯ ಮೇಲೆ ಅಂಗೈ ಇಟ್ಟೆ. ಒಳಗೆ ಜರಡಿ ಆಡಿಸಿದ ಹಾಗೆ. ಪಕ್ಕೆ ಒಳಗೊಳಗೆ ಎಳೆಯುತ್ತಿತ್ತು.

ಮನೆಗೆ ಬಂದು ಯೋಗಿತಾಳ ಮುಂದೆ ನಿಂತು ಎಲ್ಲ ಹೇಳಿದೆ. ಅವಳ ಕೈಯಲ್ಲಿದ್ದ ಹಿಟ್ಟು ಹಾಗೇ ಉಳಿಯಿತು.

"ಏನ ಮಾಡೀರಿ ಗೊತ್ತೈತೇನ್ರಿ ಮಾವಾರ? ನೀವು ಓದಿದವರು, ಬರದವರು! ನನ್ನ ಮುಂದರೆ ಹೇಳಬಾರದಿತ್ತೇನ್ರಿ?" ಅಳುತ್ತಿದ್ದಳು. ಅಳುತ್ತಲೇ ದಾದಾಸಾಹೇಬನಿಗೆ ಫೋನು ಹಚ್ಚಿದಳು.

ಅಕ್ಕ ಜಗಳ ಮಾಡುತ್ತಾಳೆ, ಕಲ್ಲು ಹಿಡಿಯುತ್ತಾಳೆ ಎಂದುಕೊಂಡಿದ್ದೆ. ಮಾಡಲಿಲ್ಲ. ಕೂಸನ್ನು ಯಾರ ಕೈಗೂ ಕೊಡದೆ ತಾನೇ ಎತ್ತಿಕೊಂಡು ಜೀಪು ಹತ್ತಿದಳು. ಮಿರಜಿನ ದಾರಿಯಲ್ಲಿ ಜತ್ತ ದಾಟಿದ ಮೇಲೆ ನನ್ನ ಕಿವಿಗೆ ಬಂದಳು.

"ನಿನ್ನ ಕೈಲೆ ಎತ್ತಿದ್ದಿ. ನಿನ್ನ ಕೈಲೇ ಕೊಡಾಕ ಹೊಂಟಿ. ಏನರೆ ಆದರ ನನ್ನ ಕಡೆ ನೋಡಬ್ಯಾಡ."

ಮಂಗಳವಾರ, ನವೆಂಬರ್ ೧೮. ಮಿರಜ

ದವಾಖಾನೆಯ ಮೆಟ್ಟಿಲ ಮೇಲೆ ಕುಳಿತು ಬರೆಯುತ್ತಿದ್ದೇನೆ.

ನಿನ್ನೆ ಕೂಸನ್ನು ತಾಯಿಯ ಮಂಚಕ್ಕೆ ಒಂದು ಗಳಿಗೆ ಒಯ್ದರು. ಆ ಹೆಣ್ಣುಮಗಳು ಮಾಡಿದ್ದನ್ನು ಬರೆಯಲು ನನ್ನ ಹತ್ತಿರ ಮಾತಿಲ್ಲ. ಮೂಸಿ ನೋಡಿದಳು, ಆಡು ಕರುವನ್ನು ಮೂಸುತ್ತದಲ್ಲ, ಹಾಗೆ... ಆಡಿಗೆ ಕರು ಎಂದು ಬರೆದೆ, ನೋಡು. ಮರಿ. ತಲೆ ನೆಟ್ಟಗಿಲ್ಲ. ಆಮೇಲೆ ಅಕ್ಕನ ರಟ್ಟೆ ಹಿಡಿದು ಕೂಗಿದಳು. ಹಿಂದಿಯಲ್ಲಿ. ಯೋಗಿತಾ ನನ್ನ ಕಿವಿಯಲ್ಲಿ ಹೇಳಿದಳು: "ನನ್ನ ಜೀವಂತ ಹುಗದಿದ್ರಿ ನೀವು, ಅನ್ನಾಕತ್ತಾರ್ರಿ." ಅಕ್ಕ ರಟ್ಟೆ ಬಿಡಿಸಿಕೊಳ್ಳಲಿಲ್ಲ.

ಕೂಸನ್ನು ಮಕ್ಕಳ ವಾರ್ಡಿಗೆ ಹಾಕಿದ್ದಾರೆ. ಮೂಗಿಗೆ ನಳಿಗೆ. ಎದೆಯಲ್ಲಿ ಹೊಗೆ ಕೂತಿದೆ, ಬಿದ್ದ ದಿನವೇ ತರಬೇಕಿತ್ತು ಎಂದು ಡಾಕ್ಟರು ನನಗೇ ಹೇಳಿದರು, ಜೋರಾಗಿ. ಎಲ್ಲರೂ ತಿರುಗಿ ನೋಡಿದರು.

ತಡವಾಗಿ ತಂದೆ ಎನ್ನುತ್ತಾರೆ ಡಾಕ್ಟರು. ಲಗೂನ ತಂದೆ ಎನ್ನುತ್ತಾಳೆ ಅಕ್ಕ. ಏನಾದರೂ ಆದರೆ ಎರಡೂ ನನ್ನ ಮೇಲೇ.

ಕೂಸು ಅಕ್ಕನ ಕೈಯಿಂದ ಮಾತ್ರ ನೀರು ಕುಡಿಯುತ್ತದೆ. ಅದಕ್ಕೆ ಅವಳನ್ನು ಅಲ್ಲೇ ಕೂಡಿಸಿದ್ದಾರೆ, ಬಾಗಿಲಲ್ಲಿ ಒಬ್ಬ ಹೆಣ್ಣು ಪೊಲೀಸು. ಕೇಸು ಹಾಕುವುದೋ ಬಿಡುವುದೋ ತಾಯಿ ಪೊಲೀಸರಿಗೆ ಬರೆಸುವ ಜಬಾಬಿನ ಮೇಲೆ, ಎನ್ನುತ್ತಾನೆ ದಾದಾಸಾಹೇಬ.

ಬುಧವಾರ, ನವೆಂಬರ್ ೧೯. ಸಂಜೆ

ಇಂದ್ರಾ, ನಾಳೆ ಅಮಾವಾಸ್ಯೆ.

ಕೂಸಿನ ಜ್ವರ ಇಳಿದಿಲ್ಲ. ಬೆಳಿಗ್ಗೆ ಆ ಹೆಣ್ಣುಮಗಳಿಗೆ ವಿಮಾನದಲ್ಲಿ ಜೊತೆಗಿದ್ದ ಗಂಡ ತೀರಿಹೋದ ಸುದ್ದಿ ಹೇಳಿದರು. ಇಷ್ಟು ದಿನ ಮುಚ್ಚಿಟ್ಟಿದ್ದರಂತೆ — ಮುಚ್ಚಿಡುವವರು ನಾವಷ್ಟೇ ಅಲ್ಲ. ಅವಳು ಅಳಲಿಲ್ಲ. ಮಧ್ಯಾಹ್ನ ಯೋಗಿತಾಳನ್ನು ಕರೆದು, ಆ ಮುದುಕಿ ಕೂಸಿಗೆ ಏನು ಮಾಡಿದಳು, ಯಾಕೆ ಮಾಡಿದಳು, ಮೊದಲಿಂದ ಹೇಳು ಎಂದಳು. ಯೋಗಿತಾ ಹೇಳಿದಳು. ತಿಪ್ಪೆ, ಎತ್ತಿದ್ದು, ಅಮಾವಾಸ್ಯೆ, ಎಲ್ಲ.

ಜಬಾಬು ತೆಗೆದುಕೊಳ್ಳಲು ಬಂದ ಸಾಹೇಬರಿಗೆ ಕದ್ದಿಲ್ಲ ಎಂದು ಬರೆಸಿ ಸಹಿ ಮಾಡಿದಳು. ನಮ್ಮ ಎದೆಯ ಕಲ್ಲು ಇಳಿಯಿತು ಎನ್ನುವಷ್ಟರಲ್ಲಿ ನರ್ಸು ಗಾಲಿ ಕುರ್ಚಿ ತಂದಳು, ಮಗಳ ಹತ್ತಿರ ಒಯ್ಯಲು. ಆ ಹೆಣ್ಣುಮಗಳು ಮಂಚದ ಕಂಬಿ ಹಿಡಿದುಕೊಂಡಳು. ಒಲ್ಲೆ ಎಂದಳು.

ಯೋಗಿತಾ ನನ್ನ ಕಿವಿಗೆ ಬಂದಳು. "ನಾಳೆ ದಾಟಲಿ ಅಂತಾರ್ರಿ ಮಾವಾರ. ನಾ ಹತ್ತಿರ ಹ್ವಾದರ ಸಾವು ನನ್ನ ಹಿಂದs ಬರತೈತಿ, ನನ್ನ ಮನಿ ಅದಕ್ಕ ಗುರುತ ಹತ್ತೈತಿ, ಅಂತಾರ್ರಿ. ಮಗಳ ಹೆಸರೂ ಹಿಡೀವಲ್ರು."

ಅಷ್ಟು ಓದಿದ ಹೆಣ್ಣುಮಗಳು. ಕೂಸನ್ನು ತಾಯಿಗೆ ಮುಟ್ಟಿಸಬೇಕೆಂದು ಅಕ್ಕನ ಮಾತು ಮುರಿದು ತಂದೆ. ಈಗ ಒಂದೇ ಕಟ್ಟಡದಲ್ಲಿ, ಮೇಲೊಬ್ಬರು ಕೆಳಗೊಬ್ಬರು, ತಾಯಿಯೇ ಮಗಳಿಂದ ಅಡಗಿದ್ದಾಳೆ. ನಮ್ಮ ಅಂಜಿಕೆ ಅವಳಿಗೂ ಹತ್ತಿಸಿದೆವು. ಈಗ ಈ ವಹಿಯನ್ನು ತಿರುವಿ ನೋಡಿದೆ. ಟಿವಿಯಲ್ಲಿ ಎಷ್ಟು ಸಲ ಬರೆದು ತೋರಿಸಿದರು, ನಾನೂ ಒಂದು ಕಡೆಯೂ ಆ ಕೂಸಿನ ಹೆಸರು ಬರೆದಿಲ್ಲ.

ಆ ಹೆಣ್ಣುಮಗಳು ಒಂದೇ ಕೇಳುತ್ತಾಳೆ. ಹೀಗೆ ಎತ್ತಿದ ಕೂಸು ಉಳಿದದ್ದು ಉಂಟೇ ಎಂದು. ಇಂಥವನ್ನು ಕಂಡರೆ ಬೈಯುವ ನಮ್ಮ ಯೋಗಿತಾ, "ಉಳದಾಳ್ರಿ, ನಮ್ಮ ಮನ್ಯಾಗs ಒಬ್ಬಾಕಿ ಅದಾಳ" ಎಂದು ಹೇಳಿಬಿಟ್ಟಿದ್ದಾಳೆ. ತೋರಿಸು ಎಂದು ಹಟ ಹಿಡಿದಿದ್ದಾಳೆ ಆ ಹೆಣ್ಣುಮಗಳು.

ಈಗಲೇ ಯೋಗಿತಾ ಎಲ್ಲ ಹಾಳೆಗಳ ಫೋಟೊ ಹೊಡೆದು ಕಳಿಸುತ್ತಾಳೆ. ಓದಿ ನನ್ನ ಮೇಲೆ ಸಿಟ್ಟಾಗುವುದಿದ್ದರೆ ಆಮೇಲೆ ಆಗು. ನಿನ್ನದೊಂದು ಫೋಟೊ ಕಳಿಸು, ಮಕ್ಕಳನ್ನು ಎರಡೂ ಮಗ್ಗುಲಿಗೆ ನಿಲ್ಲಿಸಿಕೊಂಡು. ಎರಡು ಸಾಲು ಬರಿ. ತಿಪ್ಪೆಯಿಂದ ಉಳಿದೆ ಎಂದು ಬರೆಯುತ್ತೀಯೋ, ಸುಮ್ಮನೆ ಉಳಿದೆ ಎಂದು ಬರೆಯುತ್ತೀಯೋ, ನನಗೆ ತಿಳಿಯದು. ಕೂಸು ಕಣ್ಣು ತೆರೆದರೆ ಅವ್ವ ಅಲ್ಲಿರಬೇಕು, ಅವಳು ಕೆಳಗಿಳಿದು ಬರುವಂಥದ್ದು ಏನಾದರೂ ಬರಿ. ಲಗೂನ ಬರಿ, ಇಂದ್ರಾ. ಇಂದೇ, ಹೊತ್ತು ಮುಳುಗುವ ಮೊದಲು.